ಆಕರಕೋಶ ಕಸಿಯ ನಂತರದ ಅಪರೂಪದ ಶ್ವಾಸಕೋಶ ತೊಡಕುಗಳು

ಆಕರಕೋಶ ಕಸಿಯ ನಂತರದ ಅಪರೂಪದ ಶ್ವಾಸಕೋಶ ತೊಡಕುಗಳು ಎಂದರೆ, ರಕ್ತವನ್ನು ಉತ್ಪಾದಿಸುವ ಆಕರಕೋಶಗಳ ಕಸಿಗೆ ಒಳಗಾದವರಲ್ಲಿ ಸೋಂಕಿನ ಹೊರತಾದ ಕಾರಣಗಳಿಂದ ಶ್ವಾಸಕೋಶಕ್ಕೆ ಉಂಟಾಗುವ ಹಾನಿಗಳ ಒಂದು ಗುಂಪು. ಕಸಿ ಮಾಡಿಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚಿನವರಿಗೆ ಶ್ವಾಸಕೋಶದ ಒಂದಲ್ಲ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾ, ವೈರಸ್ ಮತ್ತು ಶಿಲೀಂಧ್ರಗಳಿಂದ ಬರುವ ನ್ಯುಮೋನಿಯಾ ಇವುಗಳಲ್ಲಿ ಚಿರಪರಿಚಿತವಾದದ್ದು. ಸೋಂಕುಗಳನ್ನು ತಡೆಯುವ ಮತ್ತು ಗುಣಪಡಿಸುವ ಔಷಧಿಗಳು ಸುಧಾರಿಸಿದಂತೆ, ಸೋಂಕಿಲ್ಲದೆ ಬರುವ ತೊಡಕುಗಳು ಹೆಚ್ಚು ಎದ್ದುಕಾಣತೊಡಗಿವೆ.

ಈ ತೊಡಕುಗಳು ಪ್ರತ್ಯೇಕವಾಗಿ ವಿರಳವಾದರೂ ಅವುಗಳನ್ನು ಗುರುತಿಸುವುದು ಎರಡು ಕಾರಣಗಳಿಂದ ಮುಖ್ಯವಾಗಿದೆ. ಮೊದಲನೆಯದಾಗಿ, ಸೋಂಕಿಗೂ ಸೋಂಕಿಲ್ಲದ ಉರಿಯೂತಕ್ಕೂ ನೀಡಬೇಕಾದ ಚಿಕಿತ್ಸೆಗಳು ಪರಸ್ಪರ ವಿರುದ್ಧವಾದವು. ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಸೋಂಕನ್ನು ಉಲ್ಬಣಗೊಳಿಸಬಲ್ಲದು. ಎರಡನೆಯದಾಗಿ, ಇವುಗಳಲ್ಲಿ ಕೆಲವು ರೋಗಿಗೆ ಉಸಿರಾಟದ ತೊಂದರೆಯ ಅರಿವಾಗುವ ಹೊತ್ತಿಗೆ ಸರಿಪಡಿಸಲಾಗದ ಹಂತವನ್ನು ತಲುಪಿರುತ್ತವೆ.

ಹಿನ್ನೆಲೆ

ಮೂಳೆಯೊಳಗಿನ ಅಸ್ಥಿಮಜ್ಜೆಯಲ್ಲಿರುವ ಆಕರಕೋಶಗಳಿಂದ ಕೆಂಪು ರಕ್ತಕಣ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳು ಹುಟ್ಟುತ್ತವೆ. ಲ್ಯುಕೇಮಿಯಾ, ಲಿಂಫೋಮಾ, ಮಯಲೋಮಾ ಮುಂತಾದ ಕ್ಯಾನ್ಸರ್‌ಗಳಲ್ಲಿ ಹಾಗೂ ಥಲಸ್ಸೀಮಿಯಾ, ಅಪ್ಲಾಸ್ಟಿಕ್ ಅನೀಮಿಯಾ ಮತ್ತು ಹುಟ್ಟಿನಿಂದ ಬಂದ ಕೆಲವು ರೋಗನಿರೋಧಕ ಕೊರತೆಗಳಲ್ಲಿ ಈ ಆಕರಕೋಶಗಳ ಕಸಿಯನ್ನು ಮಾಡಲಾಗುತ್ತದೆ. ರೋಗಿಯಿಂದಲೇ ಮೊದಲು ಸಂಗ್ರಹಿಸಿಟ್ಟ ಕೋಶಗಳನ್ನು ಮರಳಿ ನೀಡುವುದಕ್ಕೆ ಸ್ವಕೋಶ ಕಸಿ ಎಂದೂ, ಒಡಹುಟ್ಟಿದವರು ಅಥವಾ ಇತರರು ದಾನ ಮಾಡಿದ ಕೋಶಗಳನ್ನು ನೀಡುವುದಕ್ಕೆ ದಾನಿಕೋಶ ಕಸಿ ಎಂದೂ ಹೇಳಬಹುದು. ಎರಡರಲ್ಲೂ ಕಸಿಗೆ ಮುನ್ನ ಹೆಚ್ಚಿನ ಪ್ರಮಾಣದ ಕೀಮೋಥೆರಪಿಯನ್ನು, ಕೆಲವೊಮ್ಮೆ ಇಡೀ ದೇಹಕ್ಕೆ ವಿಕಿರಣವನ್ನು ನೀಡುವುದು ರೂಢಿ. ಇದು ಪೂರ್ವಸಿದ್ಧತಾ ಚಿಕಿತ್ಸೆ. ಕೋಶಗಳನ್ನು ರಕ್ತನಾಳದ ಮೂಲಕ ನೀಡಿದ ಎರಡರಿಂದ ನಾಲ್ಕು ವಾರಗಳೊಳಗೆ ಅವು ಮಜ್ಜೆಯಲ್ಲಿ ನೆಲೆಯೂರಿ ಹೊಸ ರಕ್ತಕಣಗಳನ್ನು ಉತ್ಪಾದಿಸತೊಡಗುವುದನ್ನು ಕಸಿ ಹಿಡಿಯುವುದು ಎನ್ನಲಾಗುತ್ತದೆ.

ಅಮೆರಿಕದ ವೈದ್ಯ ಇ. ಡೊನಾಲ್ ಥಾಮಸ್ ಮತ್ತು ಸಹೋದ್ಯೋಗಿಗಳು ಅಸ್ಥಿಮಜ್ಜೆಯನ್ನು ರಕ್ತನಾಳದ ಮೂಲಕ ರೋಗಿಗಳಿಗೆ ನೀಡಿದ ವರದಿಯನ್ನು 1957ರಲ್ಲಿ ಪ್ರಕಟಿಸಿದರು. ಈ ಕ್ಷೇತ್ರದ ಕೆಲಸಕ್ಕಾಗಿ ಥಾಮಸ್ ಅವರಿಗೆ 1990ರಲ್ಲಿ, ಮೂತ್ರಪಿಂಡ ಕಸಿಯ ಪ್ರವರ್ತಕ ಜೋಸೆಫ್ ಮರ್ರೆ ಅವರೊಂದಿಗೆ, ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಭಾರತದಲ್ಲಿ ಮೊದಲ ಅಸ್ಥಿಮಜ್ಜೆ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಈ ಚಿಕಿತ್ಸೆ ಆರಂಭವಾಯಿತು. ಇಂದು ಬೆಂಗಳೂರು ಸೇರಿದಂತೆ ದೇಶದ ಹಲವು ನಗರಗಳಲ್ಲಿ ಈ ಕಸಿ ಲಭ್ಯವಿದೆ.

ಕಸಿಯ ಆರಂಭಿಕ ದಶಕಗಳಲ್ಲಿ ಶ್ವಾಸಕೋಶದ ಉರಿಯೂತವು ಸಾವಿನ ಪ್ರಮುಖ ಕಾರಣಗಳಲ್ಲಿ ಒಂದಾಗಿತ್ತು. ಅದರಲ್ಲಿ ಒಂದು ದೊಡ್ಡ ಪಾಲು ಸೈಟೋಮೆಗಾಲೋ ವೈರಸ್‌ನಿಂದ ಬರುತ್ತಿತ್ತು. ವೈರಸ್‌ ನಿರೋಧಕ ಔಷಧಿಗಳು ಬಳಕೆಗೆ ಬಂದ ಮೇಲೆ ಈ ನ್ಯುಮೋನಿಯಾ ಗಣನೀಯವಾಗಿ ಕಡಿಮೆಯಾಯಿತು. ಆದರೆ ಯಾವ ರೋಗಾಣುವೂ ಸಿಗದ ಇನ್ನೊಂದು ಪಾಲು ಉಳಿದುಕೊಂಡಿತು. ಈ ಲೇಖನದ ವಿಷಯವಾದ ತೊಡಕುಗಳು ಬಹುಮಟ್ಟಿಗೆ ಆ ಪಾಲಿನಿಂದ ಒಂದೊಂದಾಗಿ ಬೇರ್ಪಡಿಸಿ ಗುರುತಿಸಲ್ಪಟ್ಟವು.

ಹಾನಿಯ ಕಾರಣಗಳು

ದೇಹದ ರಕ್ತವೆಲ್ಲವೂ ಶ್ವಾಸಕೋಶದ ಮೂಲಕ ಹಾದುಹೋಗುತ್ತದೆ. ಹೊರಗಿನ ಗಾಳಿಯೂ ಪ್ರತಿ ಉಸಿರಿನಲ್ಲಿ ಒಳಬರುತ್ತದೆ. ಆದ್ದರಿಂದ ರಕ್ತದಲ್ಲಿ ಸಂಚರಿಸುವ ಔಷಧಿ ಮತ್ತು ರೋಗನಿರೋಧಕ ಕೋಶಗಳಿಗೂ, ಗಾಳಿಯಲ್ಲಿ ಬರುವ ರೋಗಾಣುಗಳಿಗೂ ಈ ಅಂಗ ಒಂದೇ ವೇಳೆಗೆ ಒಡ್ಡಿಕೊಂಡಿರುತ್ತದೆ. ಕಸಿಯ ನಂತರ ಹಾನಿಯುಂಟಾಗುವ ಮುಖ್ಯ ಮಾರ್ಗಗಳು ಮೂರು.

ಪೂರ್ವಸಿದ್ಧತಾ ಚಿಕಿತ್ಸೆಯ ನೇರ ವಿಷಪರಿಣಾಮ: ಬುಸಲ್ಫಾನ್, ಕಾರ್ಮಸ್ಟೀನ್ ಮುಂತಾದ ಔಷಧಿಗಳೂ ವಿಕಿರಣವೂ ಗಾಳಿಚೀಲಗಳ ಒಳಪದರವನ್ನು ಘಾಸಿಗೊಳಿಸುತ್ತವೆ. ವಿಕಿರಣವನ್ನು ಒಂದೇ ಬಾರಿಗೆ ನೀಡದೆ ಹಲವು ಸಣ್ಣ ಕಂತುಗಳಲ್ಲಿ ನೀಡುವುದು ಮತ್ತು ಆ ವೇಳೆಯಲ್ಲಿ ಶ್ವಾಸಕೋಶಕ್ಕೆ ಮರೆ ಕಟ್ಟುವುದು ಈ ಅಪಾಯವನ್ನು ತಗ್ಗಿಸುವ ಕ್ರಮಗಳಾಗಿವೆ.

ದಾನಿಯ ರೋಗನಿರೋಧಕ ಕೋಶಗಳ ದಾಳಿ: ದಾನಿಯ ಟಿ ಕೋಶಗಳು ರೋಗಿಯ ದೇಹವನ್ನು ಪರಕೀಯವೆಂದು ಭಾವಿಸಿ ಅದರ ವಿರುದ್ಧ ತಿರುಗಿಬೀಳುವುದಕ್ಕೆ ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್, ಸಂಕ್ಷಿಪ್ತವಾಗಿ ಜಿವಿಎಚ್‌ಡಿ, ಎಂಬ ಹೆಸರಿದೆ. ಚರ್ಮ, ಕರುಳು ಮತ್ತು ಯಕೃತ್ತಿನಂತೆ ಶ್ವಾಸಕೋಶವೂ ಇದರ ಗುರಿಯಾಗಬಲ್ಲದು. ಉಳಿದುಕೊಂಡಿರಬಹುದಾದ ಕ್ಯಾನ್ಸರ್ ಕೋಶಗಳನ್ನು ನಾಶಮಾಡುವುದೂ ಇದೇ ದಾನಿಯ ಕೋಶಗಳೇ. ಹೀಗಾಗಿ ಅವುಗಳನ್ನು ಪೂರ್ಣವಾಗಿ ಅಡಗಿಸಿದರೆ ಮೂಲರೋಗ ಮರಳುವ ಅಪಾಯವಿರುತ್ತದೆ, ಅಡಗಿಸದಿದ್ದರೆ ಅಂಗಗಳು ಹಾಳಾಗುವ ಅಪಾಯವಿರುತ್ತದೆ.

ರಕ್ತನಾಳಗಳ ಒಳಪದರದ ಹಾನಿ: ಔಷಧಿ, ವಿಕಿರಣ ಮತ್ತು ಉರಿಯೂತಗಳ ಒಟ್ಟು ಪರಿಣಾಮದಿಂದ ಅತಿ ಸಣ್ಣ ರಕ್ತನಾಳಗಳ ಒಳಗೋಡೆ ಕೆಡುತ್ತದೆ. ಅದರ ಫಲವಾಗಿ ದ್ರವ ಅಥವಾ ರಕ್ತ ಗಾಳಿಚೀಲಗಳೊಳಗೆ ಸೋರಬಹುದು, ಇಲ್ಲವೇ ನಾಳಗಳೇ ಮುಚ್ಚಿಹೋಗಬಹುದು.

ಕಾಣಿಸಿಕೊಳ್ಳುವ ಕಾಲ

ಕಸಿಯ ನಂತರದ ಕಾಲವನ್ನು ವೈದ್ಯರು ಸಾಮಾನ್ಯವಾಗಿ ಮೂರು ಹಂತಗಳಾಗಿ ವಿಂಗಡಿಸುತ್ತಾರೆ. ತೊಡಕು ಯಾವ ಹಂತದಲ್ಲಿ ಬಂದಿತು ಎಂಬುದೇ ರೋಗನಿರ್ಣಯದ ಮೊದಲ ಸುಳಿವಾಗಿರುತ್ತದೆ.

ಮೊದಲ 30 ದಿನಗಳು: ಕಸಿ ಹಿಡಿಯುವ ವೇಳೆಯ ಉಸಿರಾಟದ ತೊಂದರೆ, ಗಾಳಿಚೀಲಗಳ ವ್ಯಾಪಕ ರಕ್ತಸ್ರಾವ, ಇಡಿಯೋಪಥಿಕ್ ನ್ಯುಮೋನಿಯಾ ಸಿಂಡ್ರೋಮ್.

30ರಿಂದ 100 ದಿನಗಳು: ಇಡಿಯೋಪಥಿಕ್ ನ್ಯುಮೋನಿಯಾ ಸಿಂಡ್ರೋಮ್, ಔಷಧಿಗಳ ವಿಷಪರಿಣಾಮ, ರಕ್ತನಾಳಗಳ ಕೆಲವು ತೊಡಕುಗಳು, ಆರ್ಗನೈಸಿಂಗ್ ನ್ಯುಮೋನಿಯಾ.

100 ದಿನಗಳ ನಂತರ: ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್ ಸಿಂಡ್ರೋಮ್, ಆರ್ಗನೈಸಿಂಗ್ ನ್ಯುಮೋನಿಯಾ, ಶ್ವಾಸಕೋಶದ ಮೇಲ್ಭಾಗದ ನಾರುಗಟ್ಟುವಿಕೆ, ಗಾಳಿ ಸೋರಿಕೆ.

ಈ ಗಡಿಗಳು ಕಟ್ಟುನಿಟ್ಟಾದವಲ್ಲ. ಒಂದೇ ರೋಗಿಯಲ್ಲಿ ಎರಡು ತೊಡಕುಗಳು ಒಟ್ಟಿಗೆ ಇರಬಹುದು, ಅವುಗಳ ಮೇಲೆ ಸೋಂಕೂ ಸೇರಿಕೊಳ್ಳಬಹುದು.

ಆರಂಭಿಕ ಹಂತದ ತೊಡಕುಗಳು

ಕಸಿ ಹಿಡಿಯುವ ವೇಳೆಯ ಉಸಿರಾಟದ ತೊಂದರೆ

ಬಿಳಿ ರಕ್ತಕಣಗಳು ಮರಳಿ ಹುಟ್ಟತೊಡಗುವ ದಿನಗಳಲ್ಲಿ ಕೆಲವರಿಗೆ ಜ್ವರ, ಚರ್ಮದ ಮೇಲೆ ಗಂಧೆ, ಮೈಯಲ್ಲಿ ನೀರು ತುಂಬಿಕೊಳ್ಳುವುದು ಮತ್ತು ಉಸಿರುಗಟ್ಟುವಿಕೆ ಕಾಣಿಸುತ್ತದೆ. ಇದಕ್ಕೆ ಎನ್‌ಗ್ರಾಫ್ಟ್‌ಮೆಂಟ್ ಸಿಂಡ್ರೋಮ್ ಎಂದು ಹೆಸರು. ಕಸಿ ಹಿಡಿದ ದಿನಕ್ಕೆ ಹಿಂದುಮುಂದಾಗಿ ಸುಮಾರು 5 ದಿನಗಳೊಳಗೆ ಶ್ವಾಸಕೋಶವೇ ಪ್ರಧಾನವಾಗಿ ತೊಂದರೆಗೊಳಗಾದಾಗ ಅದನ್ನು ಪ್ರತ್ಯೇಕ ತೊಡಕಾಗಿ ಪರಿಗಣಿಸಲಾಗುತ್ತದೆ. ಇದು ಸ್ವಕೋಶ ಕಸಿಯ ನಂತರ ಹೆಚ್ಚಾಗಿ ಗುರುತಿಸಲ್ಪಟ್ಟಿದೆ. ಹೊಸದಾಗಿ ಹುಟ್ಟಿದ ನ್ಯೂಟ್ರೋಫಿಲ್ ಕೋಶಗಳು ಮತ್ತು ಅವುಗಳ ಜೊತೆಗೆ ಬಿಡುಗಡೆಯಾಗುವ ಉರಿಯೂತಕಾರಕ ರಾಸಾಯನಿಕಗಳು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಬೇಗ ಗುರುತಿಸಿ ಸ್ಟೀರಾಯ್ಡ್ ನೀಡಿದರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕಸಿ ಸಫಲವಾಗುತ್ತಿರುವುದರ ಲಕ್ಷಣವಾದ ರಕ್ತಕಣಗಳ ಏರಿಕೆಯೂ ರೋಗಿಯ ಸ್ಥಿತಿ ಹದಗೆಡುವುದೂ ಒಂದೇ ದಿನ ನಡೆಯುವುದು ಈ ತೊಡಕಿನ ವೈಶಿಷ್ಟ್ಯ.

ಗಾಳಿಚೀಲಗಳ ವ್ಯಾಪಕ ರಕ್ತಸ್ರಾವ

ಎರಡೂ ಶ್ವಾಸಕೋಶಗಳ ಗಾಳಿಚೀಲಗಳೊಳಗೆ ರಕ್ತ ಒಸರುವ ಈ ಸ್ಥಿತಿಯನ್ನು ಸ್ವಕೋಶ ಕಸಿಯ ರೋಗಿಗಳಲ್ಲಿ 1989ರಲ್ಲಿ ಪ್ರತ್ಯೇಕ ತೊಡಕಾಗಿ ವರ್ಣಿಸಲಾಯಿತು. ಸಾಮಾನ್ಯವಾಗಿ ಮೊದಲ ಒಂದು ತಿಂಗಳಲ್ಲಿ ಉಸಿರಾಟದ ತೊಂದರೆ, ಕೆಮ್ಮು, ಜ್ವರ ಹಾಗೂ ರಕ್ತದಲ್ಲಿ ಆಮ್ಲಜನಕದ ಕುಸಿತ ಕಂಡುಬರುತ್ತದೆ. ಹೆಸರಿನಲ್ಲಿ ರಕ್ತಸ್ರಾವವಿದ್ದರೂ ಬಹಳಷ್ಟು ರೋಗಿಗಳ ಕಫದಲ್ಲಿ ರಕ್ತ ಕಾಣಿಸುವುದಿಲ್ಲ. ಬ್ರಾಂಕೋಸ್ಕೋಪ್ ನಳಿಕೆಯ ಮೂಲಕ ಶ್ವಾಸಕೋಶದ ಒಂದು ಭಾಗಕ್ಕೆ ಉಪ್ಪುನೀರಿನ ದ್ರಾವಣವನ್ನು ಬಿಟ್ಟು ಮರಳಿ ಹೀರಿದಾಗ ಅದು ಪ್ರತಿ ಬಾರಿಯೂ ಇನ್ನಷ್ಟು ಕೆಂಪಾಗಿ ಬರುವುದು ರೋಗನಿರ್ಣಯದ ಮುಖ್ಯ ಆಧಾರ. ಪ್ಲೇಟ್‌ಲೆಟ್ ಕೊರತೆ ಜೊತೆಗಿದ್ದರೂ ಅದೊಂದೇ ಇದರ ಕಾರಣವಲ್ಲ. ಆದ್ದರಿಂದ ಪ್ಲೇಟ್‌ಲೆಟ್ ನೀಡಿದ ಮಾತ್ರಕ್ಕೆ ರಕ್ತಸ್ರಾವ ನಿಲ್ಲುವುದಿಲ್ಲ. ಸ್ಟೀರಾಯ್ಡ್ ಚಿಕಿತ್ಸೆ ರೂಢಿಯಲ್ಲಿದ್ದರೂ ಮರಣ ಪ್ರಮಾಣ ಅಧಿಕವಾಗಿಯೇ ಉಳಿದಿದೆ.

ಇಡಿಯೋಪಥಿಕ್ ನ್ಯುಮೋನಿಯಾ ಸಿಂಡ್ರೋಮ್

ಕಾರಣ ತಿಳಿಯದ ನ್ಯುಮೋನಿಯಾ ಎಂಬುದು ಈ ಹೆಸರಿನ ಅರ್ಥ. ಗಾಳಿಚೀಲಗಳಿಗೆ ವ್ಯಾಪಕ ಹಾನಿಯಾಗಿದ್ದು, ಶ್ವಾಸಕೋಶದಲ್ಲಿ ಸೋಂಕು ಇಲ್ಲದೆ, ಹೃದಯ ಅಥವಾ ಮೂತ್ರಪಿಂಡದ ವೈಫಲ್ಯವೂ ದ್ರವದ ಅತಿಭಾರವೂ ಕಾರಣವಲ್ಲವೆಂದು ಖಚಿತವಾದಾಗ ಈ ಹೆಸರನ್ನು ನೀಡಲಾಗುತ್ತದೆ. ಇದರ ಮೊದಲ ವ್ಯಾಖ್ಯಾನ 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಶ್ರಯದ ಕಾರ್ಯಾಗಾರವೊಂದರಿಂದ ಬಂದಿತು; 2011ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಅದನ್ನು ಪರಿಷ್ಕರಿಸಿತು. ಸಾಮಾನ್ಯವಾಗಿ ಕಸಿಯ ಸುಮಾರು 3 ವಾರಗಳ ನಂತರ ಆರಂಭವಾಗುವ ಈ ತೊಡಕು ಕೆಲವೇ ದಿನಗಳಲ್ಲಿ ತೀವ್ರ ಉಸಿರಾಟ ವೈಫಲ್ಯಕ್ಕೆ ತಿರುಗಬಹುದು. ವೆಂಟಿಲೇಟರ್ ಅಗತ್ಯವಾದವರಲ್ಲಿ ಬದುಕುಳಿಯುವವರು ಬಹಳ ಕಡಿಮೆ. ಪೂರ್ವಸಿದ್ಧತಾ ಚಿಕಿತ್ಸೆಯ ತೀವ್ರತೆ ಹೆಚ್ಚಿದಷ್ಟೂ ಈ ಅಪಾಯ ಹೆಚ್ಚುತ್ತದೆ. ಅದರ ತೀವ್ರತೆಯನ್ನು ತಗ್ಗಿಸಿದ ಕಸಿಗಳಲ್ಲಿ ಇದು ಕಡಿಮೆ ಕಂಡುಬರುತ್ತದೆ.

ಹಿಂದೆ ಕಾರಣ ತಿಳಿಯದು ಎಂದು ವರ್ಗೀಕರಿಸಿದ್ದ ರೋಗಿಗಳ ಸಂಗ್ರಹಿತ ಮಾದರಿಗಳನ್ನು ಸೂಕ್ಷ್ಮವಾದ ಆಣ್ವಿಕ ಪರೀಕ್ಷೆಗಳಿಂದ ಮರಳಿ ಪರಿಶೀಲಿಸಿದ 2015ರ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಯಾವುದಾದರೊಂದು ರೋಗಾಣುವಿನ ಕುರುಹು ದೊರೆಯಿತು. ಅವುಗಳಲ್ಲಿ ಮಾನವ ಹರ್ಪಿಸ್ ವೈರಸ್-6 ಪ್ರಮುಖವಾಗಿತ್ತು. ಕುರುಹು ಸಿಕ್ಕಿದ ರೋಗಾಣುವೇ ಪ್ರತಿ ರೋಗಿಯ ಕಾಯಿಲೆಗೂ ಕಾರಣ ಎಂದು ಹೇಳಲಾಗದು. ಆದರೂ ಸೋಂಕಿಲ್ಲ ಎಂಬ ತೀರ್ಮಾನವು ಲಭ್ಯವಿರುವ ಪರೀಕ್ಷೆಗಳ ಮಿತಿಗೆ ಒಳಪಟ್ಟದ್ದು ಎಂಬುದನ್ನು ಈ ಅಧ್ಯಯನ ತೋರಿಸಿತು.

ತಡವಾದ ಹಂತದ ತೊಡಕುಗಳು

ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್ ಸಿಂಡ್ರೋಮ್

ಸಂಕ್ಷಿಪ್ತವಾಗಿ ಬಿಒಎಸ್ ಎಂದು ಕರೆಯಲ್ಪಡುವ ಈ ತೊಡಕು ದೀರ್ಘಕಾಲಿಕ ಜಿವಿಎಚ್‌ಡಿಯು ಶ್ವಾಸಕೋಶದಲ್ಲಿ ತಾಳುವ ಪ್ರಮುಖ ರೂಪವಾಗಿದೆ. ದಾನಿಕೋಶ ಕಸಿಯಾದವರಲ್ಲಿ ಸುಮಾರು 20ರಲ್ಲಿ ಒಬ್ಬರಿಗೆ ಇದು ಬರುತ್ತದೆ; ದೀರ್ಘಕಾಲಿಕ ಜಿವಿಎಚ್‌ಡಿ ಇರುವವರಲ್ಲಿ ಈ ಪ್ರಮಾಣ ಇದರ ಎರಡರಷ್ಟಕ್ಕಿಂತ ಹೆಚ್ಚು. ಗಾಳಿಚೀಲಗಳಿಗೆ ಗಾಳಿಯನ್ನು ಒಯ್ಯುವ ಅತಿ ಸಣ್ಣ ಶ್ವಾಸನಾಳಗಳ ಗೋಡೆಯಲ್ಲಿ ಮೊದಲು ಉರಿಯೂತವಾಗಿ, ಬಳಿಕ ಗಾಯದ ಕಲೆಯಂಥ ನಾರು ಬೆಳೆದು, ಕೊನೆಗೆ ನಾಳವೇ ಮುಚ್ಚಿಹೋಗುತ್ತದೆ. ಒಳಗೆ ಬಂದ ಗಾಳಿ ಹೊರಹೋಗಲಾರದೆ ಸಿಲುಕಿಕೊಳ್ಳುತ್ತದೆ.

ಸಣ್ಣ ಶ್ವಾಸನಾಳಗಳು ಅಸಂಖ್ಯವಾಗಿರುವುದರಿಂದ ಉಸಿರಿನ ಹರಿವಿಗೆ ಅವು ಒಡ್ಡುವ ಒಟ್ಟು ತಡೆ ಬಹಳ ಕಡಿಮೆ. ಆದ ಕಾರಣ ಅವುಗಳಲ್ಲಿ ದೊಡ್ಡ ಪಾಲು ಹಾಳಾಗುವವರೆಗೂ ರೋಗಿಗೆ ಏನೂ ಅನ್ನಿಸದಿರಬಹುದು. ಎದೆಯ ಎಕ್ಸ್‌ರೇ ಕೂಡ ಬಹುತೇಕ ಸಹಜವಾಗಿಯೇ ಕಾಣುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಒಣಕೆಮ್ಮು ಅಥವಾ ಸುಯ್‌ಗುಟ್ಟುವಿಕೆ ಕಾಣಿಸುವ ಹೊತ್ತಿಗೆ ಹಾನಿ ಸಾಕಷ್ಟು ಮುಂದುವರಿದಿರುತ್ತದೆ. ಇದನ್ನು ಅಸ್ತಮಾ, ನೆಗಡಿಯ ಶೇಷ ಅಥವಾ ಕಸಿಯ ನಂತರದ ಸಹಜ ನಿಶ್ಶಕ್ತಿ ಎಂದು ತಪ್ಪಾಗಿ ತಿಳಿಯುವ ಸಾಧ್ಯತೆಯೂ ಇದೆ.

ಸ್ಪೈರೋಮೆಟ್ರಿ ಎಂಬ ಉಸಿರಿನ ಪರೀಕ್ಷೆಯಿಂದ ಈ ರೋಗವನ್ನು ಗುರುತಿಸಲಾಗುತ್ತದೆ. ದೀರ್ಘವಾಗಿ ಉಸಿರೆಳೆದುಕೊಂಡು ಬಲವಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣವನ್ನು ಇದರಲ್ಲಿ ಅಳೆಯುತ್ತಾರೆ. 2014ರಲ್ಲಿ ಪರಿಷ್ಕೃತವಾದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮಾನದಂಡದಂತೆ, ಈ ಪ್ರಮಾಣವು ಆ ವಯಸ್ಸು ಮತ್ತು ಎತ್ತರದವರಲ್ಲಿ ನಿರೀಕ್ಷಿತವಾದುದರ ಶೇ. 75ಕ್ಕಿಂತ ಕಡಿಮೆಯಿದ್ದು, ಎರಡು ವರ್ಷಗಳೊಳಗೆ ಕನಿಷ್ಠ ಶೇ. 10ರಷ್ಟು ಕುಸಿದಿರಬೇಕು, ಒಟ್ಟು ಉಸಿರಿನ ಸಾಮರ್ಥ್ಯದೊಂದಿಗೆ ಅದರ ಅನುಪಾತ 0.7ಕ್ಕಿಂತ ಕೆಳಗಿರಬೇಕು, ಸೋಂಕು ಇರಬಾರದು, ಗಾಳಿ ಸಿಲುಕಿಕೊಂಡಿರುವುದಕ್ಕೆ ಅಥವಾ ಬೇರೆ ಅಂಗದಲ್ಲಿ ಜಿವಿಎಚ್‌ಡಿ ಇರುವುದಕ್ಕೆ ಆಧಾರವಿರಬೇಕು. ಉಸಿರು ಬಿಟ್ಟ ಸ್ಥಿತಿಯಲ್ಲಿ ತೆಗೆದ ಸಿ.ಟಿ. ಸ್ಕ್ಯಾನ್‌ನಲ್ಲಿ ಗಾಳಿ ಸಿಲುಕಿದ ಭಾಗಗಳು ಕಪ್ಪಾಗಿಯೂ ಉಳಿದವು ಬೂದುಬಣ್ಣದಲ್ಲಿಯೂ ತೋರುತ್ತವೆ.

ಆರ್ಗನೈಸಿಂಗ್ ನ್ಯುಮೋನಿಯಾ

ಇದರಲ್ಲಿ ಗಾಳಿಚೀಲ ಮತ್ತು ಸಣ್ಣ ನಾಳಗಳೊಳಗೆ ಎಳೆಯ ನಾರಿನ ಗಂಟುಗಳು ತುಂಬಿಕೊಳ್ಳುತ್ತವೆ. ಜ್ವರ, ಒಣಕೆಮ್ಮು, ಉಸಿರಾಟದ ತೊಂದರೆ ಹಾಗೂ ಸ್ಕ್ಯಾನ್‌ನಲ್ಲಿ ಅಲ್ಲಲ್ಲಿ ಬಿಳಿಯ ಮಚ್ಚೆಗಳು ಕಾಣುವುದರಿಂದ ಇದು ಸೋಂಕಿನ ನ್ಯುಮೋನಿಯಾವನ್ನೇ ಹೋಲುತ್ತದೆ. ಆಂಟಿಬಯಾಟಿಕ್‌ಗೆ ಬಗ್ಗದಿರುವುದು ಅನುಮಾನ ಹುಟ್ಟಿಸುವ ಮೊದಲ ಸಂಗತಿ. ಬಿಒಎಸ್‌ಗೆ ವ್ಯತಿರಿಕ್ತವಾಗಿ ಇದು ಸ್ಟೀರಾಯ್ಡ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ. ಆದರೆ ಔಷಧಿಯನ್ನು ಬೇಗ ಇಳಿಸಿದರೆ ಮರುಕಳಿಸಬಹುದಾದ್ದರಿಂದ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದುವರಿಸಿ ನಿಧಾನವಾಗಿ ನಿಲ್ಲಿಸಲಾಗುತ್ತದೆ.

ಮೇಲ್ಭಾಗದ ನಾರುಗಟ್ಟುವಿಕೆ ಮತ್ತು ಗಾಳಿ ಸೋರಿಕೆ

ಪ್ಲೂರೋಪ್ಯಾರೆಂಕೈಮಲ್ ಫೈಬ್ರೋಎಲಾಸ್ಟೋಸಿಸ್ ಎಂಬುದು ಬಹಳ ವಿರಳವಾದ, ಕಸಿಯಾಗಿ ವರ್ಷಗಳು ಕಳೆದ ಮೇಲೂ ಕಾಣಿಸಿಕೊಳ್ಳಬಹುದಾದ ತೊಡಕು. ಶ್ವಾಸಕೋಶದ ಮೇಲಿನ ಹಾಲೆಗಳೂ ಅವುಗಳ ಹೊದಿಕೆಯೂ ನಾರುಗಟ್ಟಿ ಕುಗ್ಗುತ್ತವೆ. ರೋಗಿ ಕೃಶನಾಗುತ್ತಾನೆ, ಎದೆ ಕ್ರಮೇಣ ಚಪ್ಪಟೆಯಾಗುತ್ತದೆ. ಬಿರುಸಾದ ಶ್ವಾಸಕೋಶದಿಂದ ಗಾಳಿ ಸೋರಿ ಹೊದಿಕೆಯೊಳಗೆ, ಎದೆಯ ಮಧ್ಯಭಾಗದಲ್ಲಿ ಅಥವಾ ಚರ್ಮದಡಿಯಲ್ಲಿ ಸೇರಿಕೊಳ್ಳುವುದುಂಟು. ಇಂಥ ಗಾಳಿ ಸೋರಿಕೆ ಬಿಒಎಸ್ ಇರುವವರಲ್ಲಿಯೂ ಸಂಭವಿಸುತ್ತದೆ. ಹಠಾತ್ತಾಗಿ ಎದೆನೋವು ಮತ್ತು ಉಸಿರುಗಟ್ಟುವಿಕೆ ಬಂದರೆ ತುರ್ತು ಚಿಕಿತ್ಸೆ ಬೇಕಾಗುತ್ತದೆ. ನಾರುಗಟ್ಟುವಿಕೆಯನ್ನು ಹಿಮ್ಮೆಟ್ಟಿಸುವ ಔಷಧಿ ಇಲ್ಲ. ಆಯ್ದ ರೋಗಿಗಳಿಗೆ ಶ್ವಾಸಕೋಶ ಕಸಿಯೊಂದೇ ಉಳಿದಿರುವ ಮಾರ್ಗ.

ರಕ್ತನಾಳಗಳ ತೊಡಕುಗಳು

ಪಲ್ಮನರಿ ವೀನೋ-ಆಕ್ಲೂಸಿವ್ ರೋಗದಲ್ಲಿ ಶ್ವಾಸಕೋಶದಿಂದ ಹೃದಯಕ್ಕೆ ರಕ್ತವನ್ನು ಮರಳಿಸುವ ಸಣ್ಣ ಅಭಿಧಮನಿಗಳು ಮುಚ್ಚಿಹೋಗುತ್ತವೆ. ಇದರಿಂದ ಶ್ವಾಸಕೋಶದ ಅಪಧಮನಿಗಳಲ್ಲಿ ರಕ್ತದೊತ್ತಡ ಏರಿ, ಹೃದಯದ ಬಲಭಾಗದ ಮೇಲೆ ಭಾರ ಬೀಳುತ್ತದೆ. ಶ್ವಾಸಕೋಶದ ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ನೀಡುವ ನಾಳಹಿಗ್ಗಿಸುವ ಔಷಧಿಗಳನ್ನು ಇಲ್ಲಿ ನೀಡಿದರೆ, ಮುಂದೆ ದಾರಿಯಿಲ್ಲದೆಡೆಗೆ ಹೆಚ್ಚು ರಕ್ತ ನುಗ್ಗಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು.

ಕಸಿಗೆ ಸಂಬಂಧಿಸಿದ ಥ್ರಾಂಬೋಟಿಕ್ ಮೈಕ್ರೋಆಂಜಿಯೋಪಥಿಯಲ್ಲಿ ದೇಹದ ಹಲವೆಡೆ ಅತಿ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಳು ಕಟ್ಟುತ್ತವೆ. ಮೂತ್ರಪಿಂಡ ಇದರ ಪ್ರಮುಖ ಗುರಿಯಾದರೂ ಶ್ವಾಸಕೋಶದ ನಾಳಗಳೂ ಬಾಧಿತವಾಗಿ ಒತ್ತಡ ಏರಬಹುದು. ಕಾರಣ ಸ್ಪಷ್ಟವಾಗದ ಆಮ್ಲಜನಕದ ಕೊರತೆಯಿದ್ದಾಗ ಎಕೋಕಾರ್ಡಿಯೋಗ್ರಾಮ್ ಮಾಡಿಸುವುದು ಇದನ್ನು ಪತ್ತೆಹಚ್ಚಲು ನೆರವಾಗುತ್ತದೆ.

ಪಲ್ಮನರಿ ಸೈಟೊಲಿಟಿಕ್ ಥ್ರಾಂಬೈ ಎಂಬ ತೊಡಕು ಬಹುಮಟ್ಟಿಗೆ ಮಕ್ಕಳಲ್ಲಿಯೇ ಕಂಡುಬಂದಿದೆ. ದಾನಿಕೋಶ ಕಸಿಯಾದ ಮಗುವಿಗೆ ಜ್ವರ ಮತ್ತು ಕೆಮ್ಮು ಬಂದು, ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಅಂಚಿನ ಬಳಿ ಸಣ್ಣ ಗಂಟುಗಳು ಕಾಣುತ್ತವೆ. ಶಿಲೀಂಧ್ರ ಸೋಂಕಿನ ಚಿತ್ರವೂ ಇದೇ ಆಗಿರುವುದರಿಂದ ಎರಡನ್ನೂ ಬೇರ್ಪಡಿಸಲು ಬಯಾಪ್ಸಿ ಬೇಕಾಗಬಹುದು. ಈ ಗುಂಪಿನ ಇತರ ಹಲವು ತೊಡಕುಗಳಿಗೆ ಹೋಲಿಸಿದರೆ ಇದರ ಫಲಿತಾಂಶ ಉತ್ತಮ: ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳಿಂದ ಬಹುತೇಕ ಮಕ್ಕಳು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಇತರ ವಿರಳ ತೊಡಕುಗಳು

ಪಲ್ಮನರಿ ಅಲ್ವಿಯೋಲಾರ್ ಪ್ರೋಟೀನೋಸಿಸ್: ಗಾಳಿಚೀಲಗಳು ಕುಸಿಯದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ವಸ್ತುವಿನ ಹೆಚ್ಚುವರಿ ಭಾಗವನ್ನು ಮ್ಯಾಕ್ರೋಫೇಜ್ ಎಂಬ ಕೋಶಗಳು ತೆರವುಗೊಳಿಸುತ್ತಿರುತ್ತವೆ. ಈ ಕೋಶಗಳ ಕೊರತೆ ಅಥವಾ ದೋಷದಿಂದ ಆ ವಸ್ತು ಗಾಳಿಚೀಲಗಳಲ್ಲಿ ತುಂಬಿಕೊಳ್ಳುತ್ತದೆ. ಕಸಿಯ ನಂತರ ಹೊಸ ಕೋಶಗಳು ಕೆಲಸಕ್ಕೆ ತೊಡಗಿದಂತೆ ಇದು ತಾನಾಗಿ ಸುಧಾರಿಸಬಹುದು. ತೀವ್ರವಾದಲ್ಲಿ ಇಡೀ ಶ್ವಾಸಕೋಶವನ್ನು ಉಪ್ಪುನೀರಿನ ದ್ರಾವಣದಿಂದ ತೊಳೆಯಲಾಗುತ್ತದೆ. ಜಿಎಟಿಎ2 ಎಂಬ ವಂಶವಾಹಿಯ ದೋಷದಿಂದ ಬರುವ ಇದೇ ರೋಗಕ್ಕೆ ಆಕರಕೋಶ ಕಸಿಯೇ ಚಿಕಿತ್ಸೆಯಾಗಿದೆ.

ಕಾರ್ಮಸ್ಟೀನ್‌ನ ವಿಳಂಬಿತ ವಿಷಪರಿಣಾಮ: ಲಿಂಫೋಮಾ ರೋಗಿಗಳ ಸ್ವಕೋಶ ಕಸಿಯಲ್ಲಿ ಬಳಸುವ ಈ ಔಷಧಿಯು ವಾರಗಳ ಅಥವಾ ತಿಂಗಳುಗಳ ನಂತರ ಜ್ವರ, ಒಣಕೆಮ್ಮು ಮತ್ತು ಏದುಸಿರನ್ನು ಉಂಟುಮಾಡಬಹುದು. ಆ ವೇಳೆಗೆ ರೋಗಿ ಮನೆಗೆ ಮರಳಿರುವುದರಿಂದ ಕಸಿಯ ಸಂಬಂಧವನ್ನು ಮರೆಯುವ ಸಾಧ್ಯತೆ ಇದೆ. ಬೇಗ ಸ್ಟೀರಾಯ್ಡ್ ಆರಂಭಿಸಿದರೆ ಸಾಮಾನ್ಯವಾಗಿ ಗುಣವಾಗುತ್ತದೆ.

ರೋಗನಿರ್ಣಯ

ಕಸಿಯಾದ ವ್ಯಕ್ತಿಗೆ ಉಸಿರಾಟದ ತೊಂದರೆ ಬಂದಾಗ ಮೊದಲು ಸೋಂಕನ್ನು ಶಂಕಿಸಿ, ಪರೀಕ್ಷೆಗಳ ಫಲಿತಾಂಶ ಬರುವ ಮುನ್ನವೇ ಆಂಟಿಬಯಾಟಿಕ್ ಆರಂಭಿಸುವುದು ರೂಢಿ. ಜೊತೆಗೆ ಸಿ.ಟಿ. ಸ್ಕ್ಯಾನ್, ರಕ್ತಪರೀಕ್ಷೆ, ವೈರಸ್ ಮತ್ತು ಶಿಲೀಂಧ್ರಗಳ ಪರೀಕ್ಷೆ, ಹೃದಯದ ಪರೀಕ್ಷೆಗಳನ್ನು ನಡೆಸಲಾಗುತ್ತದೆ. ರೋಗಿ ತಾಳಿಕೊಳ್ಳುವ ಸ್ಥಿತಿಯಲ್ಲಿದ್ದರೆ ಬ್ರಾಂಕೋಸ್ಕೋಪಿ ಮಾಡಿ ಶ್ವಾಸಕೋಶದ ದ್ರವವನ್ನು ಪರೀಕ್ಷಿಸಲಾಗುತ್ತದೆ. ಬಯಾಪ್ಸಿ ನಿಖರವಾದರೂ ಪ್ಲೇಟ್‌ಲೆಟ್ ಕಡಿಮೆಯಿರುವವರಲ್ಲಿ ರಕ್ತಸ್ರಾವದ ಅಪಾಯವಿರುವುದರಿಂದ ಅನಿವಾರ್ಯವಾದಾಗ ಮಾತ್ರ ಮಾಡಲಾಗುತ್ತದೆ.

ಕ್ಷಯರೋಗ ವ್ಯಾಪಕವಾಗಿರುವ ಭಾರತದಂಥ ದೇಶಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ದೇಹದಲ್ಲಿ ಅಡಗಿದ್ದ ಕ್ಷಯವು ರೋಗನಿರೋಧಕ ಶಕ್ತಿ ಕುಗ್ಗಿದಾಗ ಮರಳಿ ತಲೆಯೆತ್ತಬಹುದು. ಅದರ ಜ್ವರ, ಕೆಮ್ಮು ಮತ್ತು ತೂಕ ಇಳಿಕೆ ಮೇಲೆ ವಿವರಿಸಿದ ತೊಡಕುಗಳನ್ನು ಹೋಲುತ್ತವೆ. ಆಸ್ಪರ್ಜಿಲಸ್ ಮತ್ತು ಮ್ಯೂಕರ್ ವರ್ಗದ ಶಿಲೀಂಧ್ರಗಳ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತದೆ. ಇವುಗಳನ್ನು ತಳ್ಳಿಹಾಕದೆ ದೀರ್ಘಕಾಲದ ಸ್ಟೀರಾಯ್ಡ್ ಆರಂಭಿಸುವುದು ಅಪಾಯಕಾರಿ.

ಚಿಕಿತ್ಸೆ

ಆಮ್ಲಜನಕ ಪೂರೈಕೆ, ದ್ರವದ ಸಮತೋಲನ ಮತ್ತು ಸೋಂಕಿನ ತಡೆ ಎಲ್ಲ ತೊಡಕುಗಳಿಗೂ ಸಾಮಾನ್ಯವಾದ ಆಧಾರ ಚಿಕಿತ್ಸೆ. ಆರಂಭಿಕ ಹಂತದ ಉರಿಯೂತಗಳಿಗೆ ಸ್ಟೀರಾಯ್ಡ್ ನೀಡಲಾಗುತ್ತದೆ. ಇಡಿಯೋಪಥಿಕ್ ನ್ಯುಮೋನಿಯಾ ಸಿಂಡ್ರೋಮ್‌ನಲ್ಲಿ ಟಿಎನ್‌ಎಫ್ ಎಂಬ ಉರಿಯೂತಕಾರಕ ಪ್ರೋಟೀನನ್ನು ತಡೆಯುವ ಎಟನರ್ಸೆಪ್ಟ್ ಔಷಧಿಯನ್ನು ಸ್ಟೀರಾಯ್ಡ್ ಜೊತೆಗೆ ಬಳಸಿ ನೋಡಲಾಗಿದೆ. ವಯಸ್ಕರಲ್ಲಿ ನಡೆದ ತುಲನಾತ್ಮಕ ಪ್ರಯೋಗವು ಸಾಕಷ್ಟು ರೋಗಿಗಳು ಸೇರದೆ ಅವಧಿಗೆ ಮುನ್ನವೇ ನಿಂತಿದ್ದರಿಂದ ಅದರ ಪ್ರಯೋಜನದ ಬಗ್ಗೆ ಖಚಿತ ತೀರ್ಮಾನ ಸಾಧ್ಯವಾಗಲಿಲ್ಲ.

ಬಿಒಎಸ್‌ನಲ್ಲಿ ಚಿಕಿತ್ಸೆಯ ಗುರಿ ಕಳೆದುಹೋದ ಸಾಮರ್ಥ್ಯವನ್ನು ಮರಳಿಸುವುದಲ್ಲ, ಉಳಿದಿರುವುದನ್ನು ಕಾಪಾಡುವುದು. ಉಸಿರಿನ ಮೂಲಕ ಸೇದುವ ಫ್ಲೂಟಿಕಾಸೋನ್, ಅಜಿತ್ರೋಮೈಸಿನ್ ಮತ್ತು ಮಾಂಟೆಲುಕಾಸ್ಟ್‌ಗಳನ್ನು ಅಲ್ಪಾವಧಿಯ ಸ್ಟೀರಾಯ್ಡ್ ಜೊತೆಗೆ ನೀಡುವ ಕ್ರಮವು ಹೊಸದಾಗಿ ಗುರುತಿಸಲ್ಪಟ್ಟ ರೋಗಿಗಳಲ್ಲಿ ಕುಸಿತವನ್ನು ತಡೆಯಬಲ್ಲದೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಸೂಚಿಸಿತು. ರಕ್ತವನ್ನು ಹೊರತೆಗೆದು ಬಿಳಿಕಣಗಳಿಗೆ ನೇರಳಾತೀತ ಬೆಳಕಿನ ಚಿಕಿತ್ಸೆ ಕೊಟ್ಟು ಮರಳಿಸುವ ಫೋಟೋಫೆರೆಸಿಸ್ ಇನ್ನೊಂದು ವಿಧಾನ. ದೀರ್ಘಕಾಲಿಕ ಜಿವಿಎಚ್‌ಡಿಗಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಇಬ್ರುಟಿನಿಬ್‌ಗೂ, 2021ರಲ್ಲಿ ಬೆಲುಮೊಸುಡಿಲ್ ಮತ್ತು ರುಕ್ಸೊಲಿಟಿನಿಬ್‌ಗೂ, 2024ರಲ್ಲಿ ಅಕ್ಸಾಟಿಲಿಮ್ಯಾಬ್‌ಗೂ ಮಾನ್ಯತೆ ನೀಡಿದೆ.

ಅಜಿತ್ರೋಮೈಸಿನ್ ಪ್ರಯೋಗ

ಶ್ವಾಸಕೋಶ ಕಸಿಯಾದವರಲ್ಲಿ ಉಪಯುಕ್ತವೆನಿಸಿದ್ದ ಅಜಿತ್ರೋಮೈಸಿನ್ ಅನ್ನು ಆಕರಕೋಶ ಕಸಿಯ ಆರಂಭದಿಂದಲೇ ನೀಡಿದರೆ ಬಿಒಎಸ್ ಬಾರದಂತೆ ತಡೆಯಬಹುದೇ ಎಂಬುದನ್ನು ಪರೀಕ್ಷಿಸಲು ಫ್ರಾನ್ಸ್‌ನ 19 ಕೇಂದ್ರಗಳಲ್ಲಿ 480 ರೋಗಿಗಳನ್ನು ಒಳಗೊಂಡ ಅಲ್ಲೋಜಿತ್ರೋ ಪ್ರಯೋಗ ನಡೆಯಿತು. ಎರಡು ವರ್ಷಗಳ ಕಾಲ ನೀಡಬೇಕಾಗಿದ್ದ ಔಷಧಿಯನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧಿ ಪಡೆದವರಲ್ಲಿ ಶೇ. 32.9 ಮಂದಿಗೆ ರಕ್ತದ ಕ್ಯಾನ್ಸರ್ ಮರುಕಳಿಸಿತ್ತು. ನಿರೌಷಧ ಗುಳಿಗೆ ಪಡೆದವರಲ್ಲಿ ಈ ಪ್ರಮಾಣ ಶೇ. 20.8 ಇತ್ತು. ಎರಡು ವರ್ಷಗಳ ಬದುಕುಳಿಯುವಿಕೆ ಕ್ರಮವಾಗಿ ಶೇ. 56.6 ಮತ್ತು ಶೇ. 70.1 ಆಗಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರ ಆಗಸ್ಟ್‌ನಲ್ಲಿ, ಬಿಒಎಸ್ ತಡೆಗಾಗಿ ಈ ಔಷಧಿಯನ್ನು ದೀರ್ಘಕಾಲ ನೀಡಬಾರದೆಂದು ಎಚ್ಚರಿಕೆ ಪ್ರಕಟಿಸಿತು. ಎಚ್ಚರಿಕೆಯು ರೋಗ ಬರುವ ಮುನ್ನ ತಡೆಗಾಗಿ ನೀಡುವುದಕ್ಕೆ ಸಂಬಂಧಿಸಿದ್ದು. ಈಗಾಗಲೇ ಬಿಒಎಸ್ ಬಂದವರಲ್ಲಿ ಇದರ ಬಳಕೆಯನ್ನು ತಜ್ಞರು ರೋಗಿಯ ಸ್ಥಿತಿ ನೋಡಿ ನಿರ್ಧರಿಸುತ್ತಾರೆ. ಶ್ವಾಸಕೋಶವನ್ನು ಕಾಪಾಡುವ ಉದ್ದೇಶದ ಔಷಧಿಯೂ ಕಸಿಯ ಮೂಲ ಉದ್ದೇಶಕ್ಕೆ ಅಡ್ಡಿಯಾಗಬಹುದೆಂಬುದಕ್ಕೆ ಈ ಪ್ರಯೋಗವನ್ನು ಉದಾಹರಿಸಲಾಗುತ್ತದೆ.

ನಿಗಾ ಮತ್ತು ಮುನ್ನೆಚ್ಚರಿಕೆ

ಹಾನಿಯನ್ನು ರೋಗಲಕ್ಷಣಕ್ಕಿಂತ ಮೊದಲೇ ಕಂಡುಹಿಡಿಯುವುದು ನಿಗಾದ ಮುಖ್ಯ ಉದ್ದೇಶ. ಕಸಿಗೆ ಮುನ್ನ ಒಮ್ಮೆ, ಸುಮಾರು 100ನೇ ದಿನ ಒಮ್ಮೆ, ಬಳಿಕ ಮೊದಲ ವರ್ಷಗಳಲ್ಲಿ ನಿಯತವಾಗಿ ಸ್ಪೈರೋಮೆಟ್ರಿ ಮಾಡಿಸುವಂತೆ ತಜ್ಞರು ಸಲಹೆ ನೀಡುತ್ತಾರೆ. ದೀರ್ಘಕಾಲಿಕ ಜಿವಿಎಚ್‌ಡಿ ಇರುವವರಲ್ಲಿ 3 ತಿಂಗಳಿಗೊಮ್ಮೆ ಮಾಡುವುದು ರೂಢಿಯಲ್ಲಿದೆ. ಇಲ್ಲಿ ಒಂದು ದಿನದ ಅಂಕಿಗಿಂತ ಕಾಲಕ್ರಮದ ಬದಲಾವಣೆ ಮುಖ್ಯ. ಕಸಿಗೆ ಮುನ್ನ ಶೇ. 100 ಇದ್ದ ಅಂಕಿ ಶೇ. 82ಕ್ಕೆ ಇಳಿದರೆ ಅದು ಸಹಜ ವ್ಯಾಪ್ತಿಯಲ್ಲಿಯೇ ಇರುತ್ತದೆ, ಆದರೆ ಆ ವ್ಯಕ್ತಿಯ ಮಟ್ಟಿಗೆ ಅದು ಗಮನಾರ್ಹ ಕುಸಿತ. ಆದ್ದರಿಂದ ಮೊದಲ ಪರೀಕ್ಷೆಯ ವರದಿಯನ್ನು ಜೋಪಾನವಾಗಿಟ್ಟು ಪ್ರತಿ ಬಾರಿಯೂ ಅದರೊಂದಿಗೆ ಹೋಲಿಸಬೇಕಾಗುತ್ತದೆ. ಕಸಿ ಕೇಂದ್ರದಿಂದ ದೂರವಿರುವವರಿಗೆ ಮನೆಯಲ್ಲಿಯೇ ಊದಿ ಅಳೆಯುವ ಕಿರು ಸಾಧನಗಳು ಉಪಯುಕ್ತವೆಂದು ಅಧ್ಯಯನಗಳು ತೋರಿಸಿವೆ.

ಧೂಮಪಾನವನ್ನು ಸಂಪೂರ್ಣ ತ್ಯಜಿಸುವುದು, ಹೊಗೆ, ಧೂಳು ಮತ್ತು ಬೂಷ್ಟು ಹಿಡಿದ ಪರಿಸರದಿಂದ ದೂರವಿರುವುದು, ವೈದ್ಯರು ಸೂಚಿಸಿದ ಕಾಲಕ್ಕೆ ಇನ್‌ಫ್ಲುಯೆನ್ಜಾ ಮತ್ತು ನ್ಯುಮೋಕಾಕಸ್ ಲಸಿಕೆಗಳನ್ನು ಹಾಕಿಸಿಕೊಳ್ಳುವುದು ಸಾಮಾನ್ಯ ಮುನ್ನೆಚ್ಚರಿಕೆಗಳು. ಕಸಿಯ ನಂತರದ ಮೊದಲ ತಿಂಗಳುಗಳಲ್ಲಿ ಬರುವ ವೈರಸ್ ಸೋಂಕು ಮುಂದೆ ಬಿಒಎಸ್ ಬರುವ ಅಪಾಯವನ್ನು ಹೆಚ್ಚಿಸುವುದರಿಂದ ಮನೆಮಂದಿಯೂ ಲಸಿಕೆ ಪಡೆಯುವುದು ಹಿತಕರ. ಕಸಿಯಾಗಿ ಎಷ್ಟೇ ಕಾಲ ಕಳೆದಿದ್ದರೂ ಹೊಸದಾಗಿ ಏದುಸಿರು ಅಥವಾ ಬಿಡದ ಕೆಮ್ಮು ಬಂದಾಗ ಕಸಿಯ ವಿಷಯವನ್ನು ವೈದ್ಯರಿಗೆ ತಿಳಿಸುವುದು ಅಗತ್ಯವಾಗಿದೆ.

ಫಲಿತಾಂಶ

ತೊಡಕುಗಳ ಫಲಿತಾಂಶದಲ್ಲಿ ದೊಡ್ಡ ಅಂತರವಿದೆ. ಕಸಿ ಹಿಡಿಯುವ ವೇಳೆಯ ತೊಂದರೆ, ಆರ್ಗನೈಸಿಂಗ್ ನ್ಯುಮೋನಿಯಾ ಮತ್ತು ಮಕ್ಕಳ ಸೈಟೊಲಿಟಿಕ್ ಥ್ರಾಂಬೈ ಸಾಮಾನ್ಯವಾಗಿ ಗುಣವಾಗುತ್ತವೆ. ಗಾಳಿಚೀಲಗಳ ರಕ್ತಸ್ರಾವ, ಇಡಿಯೋಪಥಿಕ್ ನ್ಯುಮೋನಿಯಾ ಸಿಂಡ್ರೋಮ್ ಮತ್ತು ವೀನೋ-ಆಕ್ಲೂಸಿವ್ ರೋಗ ಇಂದಿಗೂ ಮಾರಕವಾಗಿವೆ. ಇವೆರಡರ ನಡುವಿರುವ ಬಿಒಎಸ್‌ನಲ್ಲಿ ಫಲಿತಾಂಶವು ಬಹುಮಟ್ಟಿಗೆ ಅದನ್ನು ಗುರುತಿಸಿದ ದಿನ ಶ್ವಾಸಕೋಶದ ಸಾಮರ್ಥ್ಯ ಎಷ್ಟು ಉಳಿದಿತ್ತು ಎಂಬುದನ್ನು ಅವಲಂಬಿಸಿದೆ. ಔಷಧಿಗಳಿಗೆ ಬಗ್ಗದೆ ಉಸಿರಾಟ ವೈಫಲ್ಯ ತಲುಪಿದವರಲ್ಲಿ, ಮೂಲರೋಗ ಗುಣವಾಗಿದ್ದರೆ, ಶ್ವಾಸಕೋಶ ಕಸಿಯನ್ನು ಪರಿಗಣಿಸಲಾಗುತ್ತದೆ.